ಮನೆಯ ನಾಯಿ ಮರಿ ಹಾಕುವಾಗ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಸಾಕುನಾಯಿಯ ಹೆರಿಗೆ ಮತ್ತು ಮರಿಗಳ ಆರೈಕೆಯ ಕುರಿತು ಬಂದ ಪತ್ರಗಳು ಹೆಚ್ಚಾಗಿದ್ದರಿಂದ ಈ ಸಂಚಿಕೆಯ ಅಂಕಣವನ್ನು ಆ ಒಂದೇ ವಿಷಯಕ್ಕೆ ಮೀಸಲಿಡಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ತೋಟದ ಮನೆ. ಮೂರು ವರ್ಷದ ನಾಟಿ ನಾಯಿ ಕೆಂಪಿ ಗಬ್ಬವಾಗಿರುವುದು ಹೊಟ್ಟೆ ನೋಡಿದರೆ ತಿಳಿಯುತ್ತದೆ. ಆದರೆ ಅದು ಬೆದೆಗೆ ಬಂದಾಗ ಊರ ನಾಯಿಗಳ ಹಿಂಡೇ ತೋಟದಲ್ಲಿ ಬೀಡುಬಿಟ್ಟಿದ್ದರಿಂದ ಯಾವ ದಿನ ಕೂಡಿತೆಂದು ಹೇಳಲಾರೆವು. ಮರಿ ಹಾಕುವ ದಿನವನ್ನು ಅಂದಾಜು ಮಾಡುವುದು ಹೇಗೆ? ಜಾಗವನ್ನು ಹೇಗೆ ಸಿದ್ಧಪಡಿಸಬೇಕು?
— ಓದುಗರು, ತೀರ್ಥಹಳ್ಳಿ

ಉತ್ತರ: ಕೂಡಿದ ದಿನ ಗೊತ್ತಿರುವವರಿಗೂ ಮರಿ ಹಾಕುವ ದಿನ ಖಚಿತವಾಗಿ ಗೊತ್ತಿರುವುದಿಲ್ಲ. ನಾಯಿಯ ಗರ್ಭಾವಧಿಯನ್ನು ಅಂಡಾಣು ಬಿಡುಗಡೆಯಾದ ದಿನದಿಂದ ಎಣಿಸಿದರೆ ಸುಮಾರು 63 ದಿನಗಳಾಗುತ್ತವೆ. ಆದರೆ ಗಂಡಿನ ವೀರ್ಯಾಣುಗಳು ಹೆಣ್ಣಿನ ದೇಹದೊಳಗೆ ಹಲವು ದಿನ ಜೀವಂತವಾಗಿ ಉಳಿಯಬಲ್ಲವಾದ್ದರಿಂದ, ಕೂಡಿದ ದಿನದಿಂದ ಎಣಿಸುವಾಗ 58ರಿಂದ 68 ದಿನಗಳ ನಡುವೆ ಯಾವಾಗ ಬೇಕಾದರೂ ಹೆರಿಗೆಯಾಗಬಹುದು. ಹಿಂಡಿನಲ್ಲಿ ಒಂದಕ್ಕಿಂತ ಹೆಚ್ಚು ಗಂಡುಗಳು ಕೂಡಿದ್ದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುವುದೂ ಉಂಟು. ಮರಿಗಳ ಬಣ್ಣ ಒಂದಕ್ಕೊಂದು ಹೊಂದದಿದ್ದರೆ ಅಚ್ಚರಿಪಡಬೇಕಾಗಿಲ್ಲ.

ದಿನಾಂಕ ತಿಳಿಯದವರಿಗೆ ಎರಡು ದಾರಿಗಳಿವೆ. ಮೊದಲನೆಯದು, ಸಾಧ್ಯವಾದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಗೆ ಒಮ್ಮೆ ಕರೆದೊಯ್ಯುವುದು. ಗರ್ಭ ನಿಂತ ಸುಮಾರು 25 ದಿನಗಳ ಬಳಿಕ ಅಲ್ಟ್ರಾಸೌಂಡ್‌ನಲ್ಲಿ ಮರಿಗಳ ಹೃದಯ ಬಡಿತ ಕಾಣಿಸುತ್ತದೆ. 55 ದಿನಗಳು ದಾಟಿದ ಮೇಲೆ ತೆಗೆದ ಎಕ್ಸ್‌–ರೇಯಲ್ಲಿ ಮರಿಗಳ ತಲೆಬುರುಡೆ ಮತ್ತು ಬೆನ್ನೆಲುಬುಗಳನ್ನು ಎಣಿಸಬಹುದು. ಒಟ್ಟು ಎಷ್ಟು ಮರಿಗಳೆಂಬುದು ಮೊದಲೇ ಗೊತ್ತಿದ್ದರೆ, ಹೆರಿಗೆಯ ರಾತ್ರಿ ‘ಇನ್ನೂ ಒಳಗೆ ಇದೆಯೋ, ಮುಗಿಯಿತೋ’ ಎಂಬ ಗೊಂದಲವೇ ಇರುವುದಿಲ್ಲ. ಎರಡನೆಯದು ಜ್ವರ ಅಳೆಯುವ ಸಾಧಾರಣ ಥರ್ಮಾಮೀಟರು. ಮೊಲೆಗಳು ತುಂಬಿಕೊಳ್ಳತೊಡಗಿದ ದಿನದಿಂದ ಬೆಳಿಗ್ಗೆ ಮತ್ತು ಸಂಜೆ ಗುದದ್ವಾರದ ಉಷ್ಣತೆಯನ್ನು ಅಳೆದು ಬರೆದಿಡಿ. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಗರ್ಭವನ್ನು ಹಿಡಿದಿಟ್ಟಿರುವ ಪ್ರೊಜೆಸ್ಟರಾನ್ ಹಾರ್ಮೋನು ಇಳಿದಾಗ ಅದರೊಂದಿಗೆ ಮೈ ಉಷ್ಣತೆಯೂ ತಾತ್ಕಾಲಿಕವಾಗಿ 99 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಅಲ್ಲಿಂದ ಸಾಮಾನ್ಯವಾಗಿ 24 ಗಂಟೆಗಳೊಳಗೆ ಹೆರಿಗೆ ಆರಂಭವಾಗುತ್ತದೆ. ಇಳಿತ ಕೆಲವೇ ಗಂಟೆಗಳಷ್ಟು ಇರುವುದರಿಂದ ದಿನಕ್ಕೊಮ್ಮೆ ಮಾತ್ರ ಅಳೆಯುವವರ ಕಣ್ಣಿಗೆ ಅದು ಬೀಳದೇ ಹೋಗಬಹುದು.

ಜಾಗದ ವಿಷಯದಲ್ಲಿ ನಿಮ್ಮ ಆಯ್ಕೆಗಿಂತ ಕೆಂಪಿಯ ಆಯ್ಕೆಗೆ ಹೆಚ್ಚು ಬೆಲೆಯಿದೆ. ನಾಟಿ ನಾಯಿಗಳು ಸೌದೆ ಕೊಟ್ಟಿಗೆಯ ಮೂಲೆಯನ್ನೋ ಬಚ್ಚಲೊಲೆಯ ಪಕ್ಕದ ಬೂದಿಯ ಗುಡ್ಡೆಯನ್ನೋ ಅಟ್ಟದ ಕೆಳಗಿನ ಕತ್ತಲನ್ನೋ ಹುಡುಕಿಕೊಳ್ಳುವುದು ಬೆಚ್ಚಗಿನ, ಮರೆಯಾದ, ಓಡಾಟವಿಲ್ಲದ ಸ್ಥಳಕ್ಕಾಗಿ. ಹೆರಿಗೆಗೆ ಎರಡು ವಾರ ಮೊದಲೇ ಅಂಥದೇ ಗುಣಗಳುಳ್ಳ ಒಂದು ಮೂಲೆಯನ್ನು ಮನೆಯೊಳಗೆ ತೋರಿಸಿ, ಅಲ್ಲಿಯೇ ಊಟ ಹಾಕಿ, ಮಲಗುವ ರೂಢಿ ಮಾಡಿಸಿ. ತಾಯಿ ಕಾಲು ಚಾಚಿ ಮಲಗುವಷ್ಟು ಉದ್ದಗಲದ, ಮರಿಗಳು ದಾಟದಷ್ಟು ಎತ್ತರದ ಅಂಚುಳ್ಳ ಮರದ ಪೆಟ್ಟಿಗೆ ಉತ್ತಮ. ಒಳಗಿನ ಗೋಡೆಗಳಿಗೆ ನೆಲದಿಂದ ನಾಲ್ಕೈದು ಅಂಗುಲ ಎತ್ತರದಲ್ಲಿ ಒಂದು ಪಟ್ಟಿಯನ್ನು ಹೊರಚಾಚಿ ಹೊಡೆದರೆ, ತಾಯಿ ಒರಗಿದಾಗ ಗೋಡೆಗೆ ಸಿಕ್ಕಿ ಮರಿ ಸಾಯುವ ಅಪಾಯ ತಪ್ಪುತ್ತದೆ. ಹೆರಿಗೆಯ ಹೊತ್ತಿಗೆ ಹಳೆಯ ಪತ್ರಿಕೆಗಳ ದಪ್ಪ ಹಾಸು ಸಾಕು. ಮರಿಗಳು ಹುಟ್ಟಿದ ಮೇಲೆ ಒಗೆದ ಹತ್ತಿಯ ಪಂಚೆಯನ್ನೋ ಸೀರೆಯನ್ನೋ ಸುಕ್ಕಾಗದಂತೆ ಬಿಗಿಯಾಗಿ ಹಾಸಿ. ಸಡಿಲವಾದ ಮಡಿಕೆಯೊಳಗೆ ಕುರುಡು ಮರಿ ಸಿಕ್ಕಿಕೊಂಡರೆ ಹೊರಬರಲಾರದು. ಮಲೆನಾಡಿನ ಮಳೆಗಾಲವಾದರೆ ನೆಲದ ತಂಡಿ ತಟ್ಟದಂತೆ ಪೆಟ್ಟಿಗೆಯ ಕೆಳಗೆ ಹಲಗೆಗಳನ್ನಿಡಬೇಕು. ಉಣ್ಣಿಹುಳು ತೆಗೆಯುವ ಔಷಧಿಯನ್ನು ಮಾತ್ರ ಈಗ ನಿಮ್ಮಷ್ಟಕ್ಕೆ ನೀವೇ ಹಚ್ಚಬೇಡಿ, ಗರ್ಭಿಣಿಗೆ ಹೊಂದುವುದು ಯಾವುದೆಂದು ವೈದ್ಯರನ್ನು ಕೇಳಿ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಇದು ಚೊಚ್ಚಲ ಹೆರಿಗೆ. ಆ ರಾತ್ರಿ ನಾವೇನು ಮಾಡಬೇಕು? ಮರಿಗಳನ್ನು ಮನುಷ್ಯರು ಮುಟ್ಟಿದರೆ ತಾಯಿ ತಿಂದುಬಿಡುತ್ತದೆ ಎನ್ನುತ್ತಾರೆ. ಮುಟ್ಟದೇ ಬಿಟ್ಟರೆ ಸತ್ತುಹೋಗುತ್ತವೆ ಎಂದು ಇನ್ನು ಕೆಲವರು ಹೆದರಿಸುತ್ತಾರೆ. ಯಾವ ಹಂತದಲ್ಲಿ ಆಸ್ಪತ್ರೆಗೆ ಓಡಬೇಕು?
— ದಂಪತಿ, ಮೈಸೂರು

ಉತ್ತರ: ಗಡಿಯಾರ ನೋಡುವುದು, ನೋಡಿದ್ದನ್ನು ಒಂದು ಕಾಗದದಲ್ಲಿ ಬರೆಯುವುದು, ಇವೇ ಆ ರಾತ್ರಿ ನಿಮಗಿರುವ ಮುಖ್ಯ ಕೆಲಸಗಳು. ಉಳಿದದ್ದರಲ್ಲಿ ಹೆಚ್ಚಿನ ಪಾಲನ್ನು ತಾಯಿಯೇ ಮಾಡಿಕೊಳ್ಳುತ್ತದೆ. ನಾನು ಕಂಡಂತೆ ಮನೆಯ ಹೆರಿಗೆಗಳಲ್ಲಿ ಆಗುವ ತೊಂದರೆಗಳ ದೊಡ್ಡ ಭಾಗ ಎರಡು ಕಡೆಗಳಿಂದ ಬರುತ್ತದೆ: ಕೈ ಹಾಕಬಾರದ ಕಡೆ ಕೈ ಹಾಕುವುದರಿಂದ, ಮತ್ತು ಹೊರಡಬೇಕಾದ ಹೊತ್ತಿನಲ್ಲಿ ‘ಬೆಳಗಾಗಲಿ, ನೋಡೋಣ’ ಎಂದು ಕುಳಿತುಬಿಡುವುದರಿಂದ.

ಮೊದಲ ಹಂತ ಹೊರನೋಟಕ್ಕೆ ಹೆರಿಗೆಯಂತೆ ಕಾಣುವುದಿಲ್ಲ. ನಾಯಿ ಊಟ ಬಿಡುತ್ತದೆ, ಏದುಸಿರು ಬಿಡುತ್ತದೆ, ನಡುಗುತ್ತದೆ, ಹಾಸನ್ನು ಕೆರೆದು ಹರಿಯುತ್ತದೆ, ಕೆಲವೊಮ್ಮೆ ವಾಂತಿಯನ್ನೂ ಮಾಡುತ್ತದೆ. ಗರ್ಭಕೋಶದ ಬಾಯಿ ತೆರೆದುಕೊಳ್ಳುತ್ತಿರುವ ಈ ಹೊತ್ತು ಆರರಿಂದ ಹನ್ನೆರಡು ಗಂಟೆಗಳಷ್ಟು, ಚೊಚ್ಚಲಿನಲ್ಲಿ 24 ಗಂಟೆಗಳವರೆಗೂ ಇರಬಹುದು. ಆಗ ಮನೆಯವರೆಲ್ಲ ಸುತ್ತ ನೆರೆದು ಸಮಾಧಾನಪಡಿಸತೊಡಗಿದರೆ ಗಾಬರಿಯಿಂದ ನೋವುಗಳೇ ಹಿಂಜರಿಯುತ್ತವೆ. ನಾಯಿ ಹೆಚ್ಚು ಹಚ್ಚಿಕೊಂಡಿರುವ ಒಬ್ಬರು ಮಾತ್ರ ಸ್ವಲ್ಪ ದೂರದಲ್ಲಿ ಕುಳಿತರೆ ಸಾಕು.

ಎರಡನೆಯ ಹಂತದಲ್ಲಿ ಹೊಟ್ಟೆಯ ಸ್ನಾಯುಗಳು ಬಿಗಿದು ನಾಯಿ ತಿಣುಕುವುದು ಕಣ್ಣಿಗೆ ಕಾಣುತ್ತದೆ. ಗಡಿಯಾರದ ಲೆಕ್ಕ ಆರಂಭವಾಗುವುದು ಇಲ್ಲಿಂದ. ಬಲವಾಗಿ, ಎಡೆಬಿಡದೆ ತಿಣುಕುತ್ತಿದ್ದರೂ ಅರ್ಧ ಗಂಟೆಯೊಳಗೆ ಮರಿ ಬಾರದಿದ್ದರೆ ವೈದ್ಯರನ್ನು ಕರೆಯಬೇಕು. ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆಯ ಅಂತರವಿರುತ್ತದೆ. ತಾಯಿ ಶಾಂತವಾಗಿ ಮರಿಗಳಿಗೆ ಹಾಲೂಡಿಸುತ್ತಾ ಮಲಗಿದ್ದರೆ ಇನ್ನಷ್ಟು ವಿಶ್ರಮಿಸಿದರೂ ಆತಂಕಪಡಬೇಕಾಗಿಲ್ಲ. ಆದರೆ ಒಳಗೆ ಮರಿಗಳು ಉಳಿದಿರುವುದು ಗೊತ್ತಿದ್ದೂ ಎರಡು ಗಂಟೆ ದಾಟಿದರೆ ಕಾಯಬೇಡಿ. ಮರಿಯ ಅರ್ಧ ಮೈ ಹೊರಬಂದು ಅಲ್ಲಿಯೇ ಸಿಕ್ಕಿಕೊಂಡರೆ, ಉಷ್ಣತೆ ಇಳಿದು ಒಂದು ಹಗಲು–ರಾತ್ರಿ ಕಳೆದರೂ ನೋವು ಬಾರದಿದ್ದರೆ, ಅಥವಾ ತಾಯಿ ನಿಲ್ಲಲಾರದಷ್ಟು ನಿತ್ರಾಣವಾದರೆ ಆಗಲೂ ಹೀಗೆಯೇ. ಸ್ರಾವದ ಬಣ್ಣವನ್ನೂ ಗಮನಿಸಿ. ಗಿಡಹಸಿರು ಅಥವಾ ಕಪ್ಪುಹಸಿರು ಬಣ್ಣದ ಸ್ರಾವವು ಮಾಸು ಗರ್ಭಕೋಶದ ಗೋಡೆಯಿಂದ ಬಿಡಿಸಿಕೊಂಡಿರುವುದರ ಗುರುತು. ಮೊದಲ ಮರಿ ಹುಟ್ಟಿದ ನಂತರ ಅದು ಸಹಜ. ಒಂದೂ ಮರಿ ಹುಟ್ಟುವ ಮೊದಲೇ ಅದು ಕಾಣಿಸಿಕೊಂಡು ಮರಿ ಹಿಂದೆಯೇ ಬಾರದಿದ್ದರೆ, ಒಳಗಿರುವ ಮರಿಗೆ ಆಮ್ಲಜನಕ ತಪ್ಪುತ್ತಿದೆ ಎಂದು ಅರ್ಥ. ಅದು ತುರ್ತುಸ್ಥಿತಿ. ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು, ಅಲ್ಲಿ ಶಸ್ತ್ರಚಿಕಿತ್ಸೆಯ ಸೌಲಭ್ಯವಿದೆಯೇ, ಹೋಗಲು ವಾಹನ ಯಾವುದು ಎಂಬುದನ್ನು ಒಂದು ವಾರ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಹಿಂಗಾಲುಗಳು ಮೊದಲು ಬಂದರೆ ಮರಿ ಅಡ್ಡ ಬಂದಿದೆ ಎಂದು ಹಲವರು ಹೆದರುತ್ತಾರೆ. ನಾಯಿಗಳಲ್ಲಿ ಹತ್ತರಲ್ಲಿ ನಾಲ್ಕು ಮರಿಗಳಷ್ಟು ಹಾಗೆಯೇ ಹುಟ್ಟುತ್ತವೆ, ಅದನ್ನು ತಿರುಗಿಸಲು ಹೋಗಬಾರದು. ಕಾಲು ಹಿಡಿದು ಎಳೆಯುವುದಂತೂ ಕೂಡದು.

ಮರಿ ತೆಳುವಾದ ಪೊರೆಯೊಳಗೆ ಹುಟ್ಟುತ್ತದೆ. ತಾಯಿ ತಕ್ಷಣ ಪೊರೆಯನ್ನು ಹರಿದು, ಮರಿಯನ್ನು ಒರಟಾಗಿ ನೆಕ್ಕಿ ಉರುಳಾಡಿಸುತ್ತದೆ. ನೋಡುವವರಿಗೆ ಕ್ರೂರವೆನಿಸುವ ಆ ನೆಕ್ಕುವಿಕೆಯೇ ಮರಿಯ ಉಸಿರಾಟವನ್ನು ಆರಂಭಿಸುವುದು. ಚೊಚ್ಚಲಿನ ತಾಯಿ ಗಲಿಬಿಲಿಗೊಂಡು ಸುಮ್ಮನಿದ್ದರೆ ಮಾತ್ರ ಒಂದು ನಿಮಿಷದ ನಂತರ ನೀವು ಮುಂದಾಗಬೇಕು. ಮುಖದ ಬಳಿ ಪೊರೆಯನ್ನು ಹರಿದು, ಮೂಗು–ಬಾಯಿಗಳನ್ನು ಒರೆಸಿ, ತಲೆಯನ್ನು ತುಸು ತಗ್ಗಿಸಿ ಹಿಡಿದು ಒಣ ಟವಲಿನಿಂದ ಬೆನ್ನು–ಎದೆಗಳನ್ನು ಚೆನ್ನಾಗಿ ಉಜ್ಜಿ. ಉಸಿರಾಡದ ಮರಿಯನ್ನು ಕೈಯಲ್ಲಿ ಹಿಡಿದು ರಪ್ಪನೆ ಬೀಸುವ ಪದ್ಧತಿ ಈಗಲೂ ಅಲ್ಲಲ್ಲಿದೆ. ಅದರಿಂದ ಮಿದುಳಿನಲ್ಲಿ ರಕ್ತಸ್ರಾವವಾಗಬಹುದಾದ್ದರಿಂದ ಅದನ್ನು ಕೈಬಿಡಬೇಕು. ಹೊಕ್ಕುಳಬಳ್ಳಿಯನ್ನು ತಾಯಿ ಕಚ್ಚಿ ಕತ್ತರಿಸದಿದ್ದರೆ, ಮರಿಯ ಹೊಟ್ಟೆಯಿಂದ ಒಂದು ಅಂಗುಲ ಬಿಟ್ಟು ಕುದಿಸಿದ ದಾರದಿಂದ ಬಿಗಿಯಾಗಿ ಕಟ್ಟಿ, ಗಂಟಿನಾಚೆಗೆ ಶುದ್ಧವಾದ ಕತ್ತರಿಯಿಂದ ಕತ್ತರಿಸಿ, ತುದಿಗೆ ಪೊವಿಡೋನ್ ಅಯೋಡಿನ್ ಹಚ್ಚಿ. ಬಳ್ಳಿಯನ್ನು ಮರಿಯ ಕಡೆಯಿಂದ ಜಗ್ಗಿದರೆ ಹೊಕ್ಕುಳಲ್ಲಿ ಹರ್ನಿಯಾ ಆಗುವ ಸಂಭವವಿದೆ.

ಪ್ರತಿ ಮರಿಗೂ ಒಂದೊಂದು ಮಾಸು ಬೀಳುತ್ತದೆ, ಕೆಲವೊಮ್ಮೆ ಎರಡು ಮರಿಗಳಾದ ಮೇಲೆ ಎರಡು ಒಟ್ಟಿಗೆ ಬೀಳುತ್ತವೆ. ಅವನ್ನೂ ಎಣಿಸಿ ಬರೆದಿಡಿ. ತಾಯಿ ಅವನ್ನು ತಿನ್ನುವುದು ಸಹಜ ನಡವಳಿಕೆ. ಹೆಚ್ಚು ತಿಂದರೆ ಭೇದಿಯಾಗಬಹುದಾದ್ದರಿಂದ ಒಂದೆರಡಾದ ಮೇಲೆ ಉಳಿದವನ್ನು ಸದ್ದಿಲ್ಲದೆ ತೆಗೆದುಬಿಡಬಹುದು.

ಇನ್ನು ಮರಿಯನ್ನು ತಿನ್ನುವ ಮಾತು. ಮನೆಯವರ ಕೈ ತಾಗಿತೆಂದು ಯಾವ ತಾಯಿಯೂ ಮರಿಯನ್ನು ತಿನ್ನುವುದಿಲ್ಲ. ಸತ್ತು ಹುಟ್ಟಿದ ಅಥವಾ ತೀರ ಬಲಹೀನವಾದ ಮರಿಯನ್ನು ತಿನ್ನುವುದುಂಟು. ಸಿಸೇರಿಯನ್ ಆಗಿ ಅರಿವಳಿಕೆಯ ಮಂಪರಿನಲ್ಲಿರುವ ತಾಯಿಯೂ ಅಪರಿಚಿತರ ಗದ್ದಲಕ್ಕೆ ಕಂಗೆಟ್ಟ ಚೊಚ್ಚಲಿನ ತಾಯಿಯೂ ಮರಿಗೆ ಘಾಸಿ ಮಾಡಬಹುದು. ಆದ್ದರಿಂದ ‘ಮರಿ ನೋಡಿಕೊಂಡು ಹೋಗುತ್ತೇವೆ’ ಎಂದು ಬರುವ ನೆರೆಹೊರೆಯವರನ್ನು ಮೊದಲ ಎರಡು ವಾರ ಬಾಗಿಲಲ್ಲೇ ಮಾತನಾಡಿಸಿ ಕಳುಹಿಸುವುದು ಅಸಭ್ಯತೆಯೇನಲ್ಲ.

ಪ್ರಶ್ನೆ: ಎರಡು ಮರಿಗಳಾದ ಮೇಲೆ ತಡವಾಯಿತೆಂದು ಪರಿಚಿತರೊಬ್ಬರು ಔಷಧಿ ಅಂಗಡಿಯಿಂದ ನೋವು ಬರಿಸುವ ಚುಚ್ಚುಮದ್ದನ್ನು ತಂದು ಹಾಕಿದರು. ನಾಯಿ ಬಹಳ ಸಂಕಟಪಟ್ಟಿತು, ಮೂರನೆಯ ಮರಿ ಸತ್ತು ಹುಟ್ಟಿತು. ಹಾಗೆ ಚುಚ್ಚುಮದ್ದು ಹಾಕಿಸಿದ್ದು ಸರಿಯೇ?
— ಓದುಗರು, ದಾವಣಗೆರೆ

ಉತ್ತರ: ನಿಮ್ಮ ಮರಿ ಅದರಿಂದಲೇ ಸತ್ತಿತೆಂದು ಪರೀಕ್ಷಿಸದೆ ಹೇಳಲಾಗದು. ಆದರೆ ಚುಚ್ಚುಮದ್ದು ಹಾಕಿಸಿದ್ದು ಸರಿಯಲ್ಲವೆಂದು ಹೇಳಬಲ್ಲೆ. ಆ ಔಷಧಿ ಸಾಮಾನ್ಯವಾಗಿ ಆಕ್ಸಿಟೋಸಿನ್ ಆಗಿರುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಬಲವಾಗಿ ಹಿಂಡುವಂತೆ ಮಾಡುತ್ತದೆಯೇ ಹೊರತು, ಹೆರಿಗೆ ತಡವಾದದ್ದು ಏಕೆ ಎಂಬ ಕಾರಣವನ್ನು ನಿವಾರಿಸುವುದಿಲ್ಲ. ಮರಿ ಅಡ್ಡಲಾಗಿದ್ದರೆ, ಅದರ ತಲೆ ಸೊಂಟದ ಮೂಳೆಗಿಂತ ದೊಡ್ಡದಾಗಿದ್ದರೆ, ಅಥವಾ ಗರ್ಭಕೋಶದ ಬಾಯಿ ಪೂರ್ತಿ ತೆರೆದಿರದಿದ್ದರೆ, ಹೊರದಾರಿಯಿಲ್ಲದ ಕಡೆ ಒತ್ತಡ ಹೆಚ್ಚಿ ಗರ್ಭಕೋಶವೇ ಹರಿಯಬಹುದು. ದಾರಿ ಸರಿಯಿದ್ದರೂ ಪ್ರಮಾಣ ಹೆಚ್ಚಾದರೆ ಉಳಿದ ಮರಿಗಳ ಮಾಸು ಅಕಾಲದಲ್ಲಿ ಬಿಡಿಸಿಕೊಂಡು ಅವು ಒಳಗೇ ಉಸಿರುಗಟ್ಟುತ್ತವೆ. ವೈದ್ಯರು ಒಳಪರೀಕ್ಷೆ ಮಾಡಿ, ಬೇಕಾದರೆ ಎಕ್ಸ್‌–ರೇ ತೆಗೆಸಿ, ಅಡಚಣೆಯಿಲ್ಲವೆಂದು ಖಚಿತವಾದ ಮೇಲೆ ಅತ್ಯಲ್ಪ ಪ್ರಮಾಣದಲ್ಲಿ ಕೊಡುವ ಔಷಧಿ ಅದು. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತೆಯೂ ಇಲ್ಲ. ಹಸುಗಳಿಗೆ ಹಾಕಿ ಅಭ್ಯಾಸವಿರುವವರು ನಾಯಿಗೂ ಅದೇ ಧೈರ್ಯದಿಂದ ಸೂಜಿ ಹಿಡಿಯುವುದು ನಮ್ಮ ಊರುಗಳಲ್ಲಿ ಹೆಚ್ಚು. ಆ ಧೈರ್ಯಕ್ಕೆ ನಿಮ್ಮ ನಾಯಿಯನ್ನು ಒಪ್ಪಿಸಬೇಡಿ.

ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮುಖದ ತಳಿಗಳನ್ನು ಸಾಕಿರುವವರಿಗೆ ಇದರ ಜೊತೆಗೆ ಒಂದು ಮಾತು. ಆ ತಳಿಗಳಲ್ಲಿ ಮರಿಯ ತಲೆ ದೊಡ್ಡದು, ತಾಯಿಯ ಸೊಂಟ ಕಿರಿದು. ಮನೆಯಲ್ಲೇ ಹೆರಿಗೆಯಾಗಲಿ ಎಂದು ಕಾಯುವ ಬದಲು ಸಿಸೇರಿಯನ್ ಬೇಕಾದೀತೇ ಎಂಬುದನ್ನು ಗರ್ಭದ ಕೊನೆಯ ವಾರಗಳಲ್ಲಿಯೇ ವೈದ್ಯರೊಂದಿಗೆ ನಿರ್ಧರಿಸಿಕೊಳ್ಳಿ.

ಪ್ರಶ್ನೆ: ಡಿಸೆಂಬರಿನಲ್ಲಿ ನಮ್ಮ ನಾಯಿ ಏಳು ಮರಿಗಳನ್ನು ಹಾಕಿತು. ಎರಡು ಮರಿಗಳು ಸೊರಗಿದಂತೆ ಕಂಡವು. ಆಕಳ ಹಾಲನ್ನು ಫಿಲ್ಲರಿನಿಂದ ಗಂಟೆಗೊಮ್ಮೆ ಕುಡಿಸಿದರೂ ಮೂರನೆಯ ದಿನ ಎರಡೂ ತೀರಿಕೊಂಡವು. ಹಾಲು ಕುಡಿದ ಮರಿಗಳೇ ಸತ್ತದ್ದೇಕೆ?
— ಓದುಗರು, ವಿಜಯಪುರ

ಉತ್ತರ: ನಿಮ್ಮ ಕಡೆಯ ಡಿಸೆಂಬರಿನ ರಾತ್ರಿಗಳ ಚಳಿಯನ್ನು ನೆನೆದರೆ, ಆ ಮರಿಗಳಿಗೆ ಹಸಿವಿಗಿಂತ ಮೊದಲು ಕಾಡಿದ್ದು ತಂಡಿ ಎಂದು ನನಗನ್ನಿಸುತ್ತದೆ. ಹುಟ್ಟಿದ ನಾಯಿಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿ ಇರುವುದಿಲ್ಲ, ಮೈಯಲ್ಲಿ ಕೊಬ್ಬಿನ ಸಂಗ್ರಹವೂ ತೀರ ಕಡಿಮೆ. ಮೊದಲ ವಾರದಲ್ಲಿ ಅದರ ಸಹಜ ಉಷ್ಣತೆಯೇ 95ರಿಂದ 97 ಡಿಗ್ರಿ ಫ್ಯಾರನ್‌ಹೀಟ್‌ನಷ್ಟಿದ್ದು, ಆ ಬಿಸಿಯೂ ತಾಯಿಯ ಮೈಯಿಂದ ಮತ್ತು ಸುತ್ತಲಿನ ಗಾಳಿಯಿಂದ ಬರಬೇಕು. ಮೈ ತಣ್ಣಗಾದಂತೆ ಮರಿಯ ಕರುಳಿನ ಚಲನೆ ನಿಂತುಹೋಗುತ್ತದೆ. ಆಗ ಕುಡಿಸಿದ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲೇ ಕೆಡುತ್ತದೆ, ಇಲ್ಲವೇ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಣ್ಣಗಿರುವ ಮರಿಗೆ ಹಾಲು ಕುಡಿಸಬಾರದು, ಮೊದಲು ಬೆಚ್ಚಗೆ ಮಾಡಬೇಕು. ನಿಮ್ಮ ಅಂಗಿಯೊಳಗೆ ಎದೆಗೆ ತಾಗಿಸಿಟ್ಟುಕೊಂಡು, ಅರ್ಧ–ಮುಕ್ಕಾಲು ಗಂಟೆಯಲ್ಲಿ ನಿಧಾನವಾಗಿ ಬಿಸಿಯೇರುವಂತೆ ಮಾಡುವುದು ಸುರಕ್ಷಿತ ವಿಧಾನ. ಒಮ್ಮೆಲೇ ಬಿಸಿನೀರಿನ ಬಾಟಲಿಯ ಮೇಲೆ ಮಲಗಿಸಿದರೆ ಚರ್ಮ ಸುಡುತ್ತದೆ, ರಕ್ತಸಂಚಾರವೂ ಏರುಪೇರಾಗುತ್ತದೆ.

ಮೊದಲ ವಾರ ಪೆಟ್ಟಿಗೆಯೊಳಗೆ 85ರಿಂದ 90 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 29ರಿಂದ 32 ಡಿಗ್ರಿ ಸೆಲ್ಸಿಯಸ್ ಬಿಸಿಯಿರಬೇಕು. ಹಳೆಯ ಮಾದರಿಯ 60 ವಾಟ್ ಬಲ್ಬನ್ನು ಪೆಟ್ಟಿಗೆಯ ಒಂದು ತುದಿಯ ಮೇಲೆ ತೂಗುಹಾಕಿದರೆ ಸಾಕಾಗುತ್ತದೆ. ಎಲ್‌ಇಡಿ ಬಲ್ಬು ಬೆಳಕನ್ನು ಕೊಡುತ್ತದೆಯೇ ಹೊರತು ಈ ಕೆಲಸಕ್ಕೆ ಬೇಕಾದ ಶಾಖವನ್ನಲ್ಲ. ಒಂದೇ ತುದಿಯನ್ನು ಬೆಚ್ಚಗಿಡುವುದರಿಂದ ಸೆಕೆಯೆನಿಸಿದ ಮರಿ ಇನ್ನೊಂದು ತುದಿಗೆ ತೆವಳಿಕೊಳ್ಳಬಹುದು. ಮರಿಗಳೆಲ್ಲ ಒಂದರ ಮೇಲೊಂದು ಗುಡ್ಡೆಬಿದ್ದು ಕುಂಯ್‌ಗುಡುತ್ತಿದ್ದರೆ ಚಳಿಯಾಗಿದೆ ಎಂದೂ, ಮೂಲೆಗೊಂದರಂತೆ ಹರಡಿ ಏದುಸಿರು ಬಿಡುತ್ತಿದ್ದರೆ ಸೆಕೆಯಾಗಿದೆ ಎಂದೂ ತಿಳಿಯಬೇಕು. ನಿಮ್ಮಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಹುಟ್ಟುವ ಮರಿಗಳಿಗೆ ಇದಕ್ಕೆ ತದ್ವಿರುದ್ಧವಾದ ಎಚ್ಚರಿಕೆ ಬೇಕಾದೀತು.

ಆಕಳ ಹಾಲಿನದು ಬೇರೆಯ ತೊಡಕು. ನಾಯಿಯ ಹಾಲಿನಲ್ಲಿ ಆಕಳ ಹಾಲಿಗಿಂತ ಸುಮಾರು ಎರಡು ಪಟ್ಟು ಪ್ರೋಟೀನು ಮತ್ತು ಕೊಬ್ಬು ಇರುತ್ತವೆ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮಾತ್ರ ಕಡಿಮೆ. ಆಕಳ ಹಾಲನ್ನು ನೀರು ಬೆರೆಸಿ ಕೊಟ್ಟರೆ ಮರಿಗೆ ಸಿಗುವ ಶಕ್ತಿ ಇನ್ನೂ ಇಳಿಯುತ್ತದೆ, ಲ್ಯಾಕ್ಟೋಸಿನಿಂದ ಭೇದಿಯೂ ಆಗಬಹುದು. ತಾಯಿಗೆ ಹಾಲಿಲ್ಲದಿದ್ದರೆ ನಾಯಿಮರಿಗಳಿಗೆಂದೇ ಮಾಡಿದ ಹಾಲಿನ ಪುಡಿಯನ್ನು, ಡಬ್ಬಿಯ ಮೇಲಿನ ಪ್ರಮಾಣದಂತೆ ಕದಡಿ, ಮೊದಲ ವಾರ ಎರಡು–ಮೂರು ಗಂಟೆಗಳಿಗೊಮ್ಮೆ ಕೊಡಬೇಕು. ಮನುಷ್ಯರ ಮಗುವಿಗೆ ಮಾಡುವಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸನಾಳಕ್ಕೆ ಹೋಗುತ್ತದೆ. ಮರಿ ಹೊಟ್ಟೆಯ ಮೇಲೆ ಮಲಗಿ, ತಲೆಯನ್ನು ತುಸು ಎತ್ತಿ, ತಾನಾಗಿ ಚೀಪುವಂತಿರಬೇಕು. ಕುಡಿಸಿದ ಬಳಿಕ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಅದರ ಕೆಳಹೊಟ್ಟೆ ಮತ್ತು ಗುದದ್ವಾರವನ್ನು ಮೃದುವಾಗಿ ಸವರಬೇಕು, ಏಕೆಂದರೆ ಮೊದಲ ಮೂರು ವಾರಗಳಷ್ಟು ಕಾಲ ಮರಿ ತಾನಾಗಿ ಮಲಮೂತ್ರ ವಿಸರ್ಜಿಸಲಾರದು. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು.

ಆದರೆ ಇದೆಲ್ಲಕ್ಕಿಂತ ಮೊದಲು ತಾಯಿಯ ಗಿಣ್ಣುಹಾಲು ಒಳಗೆ ಹೋಗಬೇಕು. ರೋಗಗಳನ್ನು ತಡೆಯುವ ಪ್ರತಿಕಾಯಗಳನ್ನು ಮರಿಯ ಕರುಳು ಹೀರಿಕೊಳ್ಳುವುದು ಹುಟ್ಟಿದ ಮೊದಲ 24 ಗಂಟೆಗಳಲ್ಲಿ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. ದೊಡ್ಡ ಮರಿಗಳ ನೂಕಾಟದಲ್ಲಿ ಸಣ್ಣವು ಹಿಂದೆ ಬೀಳುತ್ತವಾದ್ದರಿಂದ ಅವನ್ನು ಎತ್ತಿ, ಹೆಚ್ಚು ಹಾಲಿರುವ ಹಿಂಭಾಗದ ಮೊಲೆಗಳಿಗೆ ಹಚ್ಚಿಸಿ. ಇದಕ್ಕೆ ತಾಯಿಯ ಅಭ್ಯಂತರವಿರುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಪ್ರತಿದಿನ ಒಂದೇ ಹೊತ್ತಿಗೆ ಮರಿಗಳನ್ನು ತೂಗಿ. ಮೊದಲ ದಿನ ತೂಕ ಸ್ವಲ್ಪ ಇಳಿದರೂ ಆ ಬಳಿಕ ದಿನದಿನವೂ ಏರಬೇಕು, ಎಂಟು–ಹತ್ತು ದಿನಗಳಲ್ಲಿ ಹುಟ್ಟಿದಾಗಿನ ತೂಕ ಎರಡರಷ್ಟಾಗಬೇಕು. ಕಣ್ಣಿಗೆ ಸೊರಗಿದಂತೆ ಕಾಣುವುದಕ್ಕೆ ಒಂದು ದಿನ ಮೊದಲೇ ತಕ್ಕಡಿ ಸೂಚನೆ ಕೊಡುತ್ತದೆ, ಮತ್ತು ಈ ವಯಸ್ಸಿನಲ್ಲಿ ಒಂದು ದಿನವೆಂದರೆ ಬಹಳ.

ಪ್ರಶ್ನೆ: ನಮ್ಮ ಪೊಮೆರೇನಿಯನ್ ಐದು ಮರಿಗಳನ್ನು ಹಾಕಿದೆ. ಮನೆಗೆ ಬಂದ ಬಾಣಂತಿಯೆಂದು ನಮ್ಮ ಅತ್ತೆಯವರು ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆಯ ಅನ್ನ, ಶುಂಠಿ–ಬೆಲ್ಲ, ಅಂಟಿನ ಉಂಡೆ ಕೊಡಬೇಕೆನ್ನುತ್ತಾರೆ. ನಾಯಿ ಗರ್ಭಿಣಿಯಾದಾಗಿನಿಂದಲೂ ನಾನು ಅದಕ್ಕೆ ಕ್ಯಾಲ್ಸಿಯಂ ಟಾನಿಕ್ ಕೊಡುತ್ತಿದ್ದೇನೆ. ಯಾರು ಸರಿ?
— ಗೃಹಿಣಿ, ಬೆಂಗಳೂರು

ಉತ್ತರ: ಪ್ರೀತಿಯ ವಿಷಯದಲ್ಲಿ ಇಬ್ಬರೂ ಸರಿ, ಆಹಾರದ ವಿಷಯದಲ್ಲಿ ಇಬ್ಬರೂ ಸರಿಯಿಲ್ಲ. ಬೆಳ್ಳುಳ್ಳಿ ಮತ್ತು ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಅಂಟಿನ ಉಂಡೆಯಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳಿಗೆ ವಿಷವಾಗಬಲ್ಲದು. ಮನುಷ್ಯರ ಬಾಣಂತನದ ಅಡುಗೆಯನ್ನು ನಾಯಿಗೆ ಬಡಿಸುವಂತಿಲ್ಲ. ಅತ್ತೆಯವರ ಮುತುವರ್ಜಿಯನ್ನು ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿಮಾಂಸ, ಮೊಸರನ್ನಗಳ ಕಡೆಗೆ ತಿರುಗಿಸಿ. ರಾಗಿ ಗಂಜಿ ಕೊಡಬಹುದು, ಆದರೆ ಅದೊಂದನ್ನೇ ನೆಚ್ಚಿಕೊಂಡರೆ ಪ್ರೋಟೀನು ಸಾಲದು. ಮಾಂಸಾಹಾರ ಮಾಡದ ಮನೆಯಾದರೆ ನಾಯಿಮರಿಗಳಿಗೆಂದು ಮಾರುವ ಒಣ ಆಹಾರವನ್ನು ನೆನೆಸಿ ತಾಯಿಗೂ ಕೊಡುವುದು ಒಳ್ಳೆಯ ಪರಿಹಾರ. ಹಾಲು ಹೆಚ್ಚು ಬೇಕಾಗುವ ಮೂರನೆಯ–ನಾಲ್ಕನೆಯ ವಾರದಲ್ಲಿ ತಾಯಿಗೆ ಎಂದಿನ ಎರಡು–ಮೂರು ಪಟ್ಟು ಆಹಾರ ಬೇಕಾಗುತ್ತದೆ. ಅದನ್ನು ದಿನಕ್ಕೆ ನಾಲ್ಕೈದು ಬಾರಿ ಹಂಚಿ ಕೊಡಿ, ನೀರಿನ ಬಟ್ಟಲು ಸದಾ ತುಂಬಿರಲಿ.

ಕ್ಯಾಲ್ಸಿಯಂ ಟಾನಿಕ್ಕಿನ ಬಗ್ಗೆ ಹೆಚ್ಚು ಎಚ್ಚರದಿಂದ ಹೇಳಬೇಕಾಗಿದೆ. ಗರ್ಭಾವಧಿಯಲ್ಲಿ ಹೊರಗಿನಿಂದ ಕ್ಯಾಲ್ಸಿಯಂ ಧಾರಾಳವಾಗಿ ಸಿಕ್ಕಿದಾಗ, ಮೂಳೆಗಳಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಒದಗಿಸುವ ಪ್ಯಾರಾಥೈರಾಯ್ಡ್ ಗ್ರಂಥಿಯ ಕೆಲಸ ಮಂದವಾಗುತ್ತದೆ. ಹೆರಿಗೆಯ ನಂತರ ಹಾಲಿನ ಮೂಲಕ ಕ್ಯಾಲ್ಸಿಯಂ ಹರಿದುಹೋಗತೊಡಗಿದಾಗ ಆ ಗ್ರಂಥಿ ಬೇಗನೆ ಎಚ್ಚೆತ್ತುಕೊಳ್ಳಲಾರದು. ಹೀಗೆ ಒಳಿತಿಗೆಂದು ಕೊಟ್ಟ ಟಾನಿಕ್ಕೇ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ‘ಹಾಲುಜ್ವರ’ಕ್ಕೆ ದಾರಿ ಮಾಡುತ್ತದೆ. ನಿಮ್ಮದು ಸಣ್ಣ ತಳಿ, ಮರಿಗಳು ಐದು. ಈ ಕಾಯಿಲೆಗೆ ಹೆಚ್ಚಾಗಿ ತುತ್ತಾಗುವುದು ಇಂಥ ತಾಯಂದಿರೇ, ಅದೂ ಹೆರಿಗೆಯಾದ ಎರಡರಿಂದ ನಾಲ್ಕನೆಯ ವಾರದ ನಡುವೆ. ನಾಯಿ ಚಡಪಡಿಸುವುದು, ಮರಿಗಳನ್ನು ಬಿಟ್ಟು ಅತ್ತಿತ್ತ ಅಲೆಯುವುದು, ಏದುಸಿರು, ಜೊಲ್ಲು, ಕಾಲುಗಳನ್ನು ಸೆಟೆದುಕೊಂಡು ನಡೆಯುವುದು, ಮುಖದ ಸ್ನಾಯುಗಳು ಅದುರುವುದು, ಇವುಗಳಲ್ಲಿ ಯಾವುದಾದರೂ ಕಂಡ ಕೂಡಲೇ ಮರಿಗಳನ್ನು ಬೇರ್ಪಡಿಸಿ ಆಸ್ಪತ್ರೆಗೆ ಒಯ್ಯಿರಿ. ಕೆಲವೇ ಗಂಟೆಗಳಲ್ಲಿ ಸೆಳವು ಬಂದು ಪ್ರಾಣ ಹೋಗಬಹುದು. ವೈದ್ಯರು ಹೃದಯ ಬಡಿತವನ್ನು ಗಮನಿಸುತ್ತಾ ರಕ್ತನಾಳದ ಮೂಲಕ ನಿಧಾನವಾಗಿ ಕ್ಯಾಲ್ಸಿಯಂ ಗ್ಲೂಕೋನೇಟ್ ಕೊಟ್ಟರೆ ಹೆಚ್ಚಿನ ನಾಯಿಗಳು ಬೇಗ ಚೇತರಿಸಿಕೊಳ್ಳುತ್ತವೆ. ಸೆಳವು ಬಂದ ನಾಯಿಯ ಬಾಯಿಗೆ ಟಾನಿಕ್ಕನ್ನಾಗಲಿ ನೀರನ್ನಾಗಲಿ ಹಾಕಬಾರದು. ಈಗ ಹೆರಿಗೆಯಾಗಿರುವುದರಿಂದ ಟಾನಿಕ್ಕನ್ನು ಮುಂದುವರಿಸಬೇಕೇ ಎಂಬುದನ್ನು ನಿಮ್ಮ ವೈದ್ಯರು ನಾಯಿಯನ್ನು ನೋಡಿ ಹೇಳಲಿ.

ಪ್ರಶ್ನೆ: ಮರಿ ಹಾಕಿ ಮೂರು ವಾರಗಳಾದರೂ ಕಂದು ಬಣ್ಣದ ಸ್ರಾವ ಸ್ವಲ್ಪ ಸ್ವಲ್ಪ ಹೋಗುತ್ತಿದೆ. ಔಷಧಿ ಬೇಕೇ?
— ಓದುಗರು, ಹುಬ್ಬಳ್ಳಿ

ಉತ್ತರ: ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದು, ದುರ್ವಾಸನೆಯಿಲ್ಲದಿದ್ದು, ತಾಯಿ ಗೆಲುವಾಗಿ ಉಣ್ಣುತ್ತಿದ್ದರೆ ಬೇಡ. ವಾಸನೆ ಬಂದರೆ, ಕೀವಿನಂತೆ ಕಂಡರೆ, ಹಸಿ ರಕ್ತ ಹೋದರೆ, ಅಥವಾ 103 ಡಿಗ್ರಿ ದಾಟಿದ ಜ್ವರವಿದ್ದರೆ ಅದೇ ದಿನ ತೋರಿಸಿ. ಯಾವುದಾದರೂ ಮೊಲೆ ಗಟ್ಟಿಯಾಗಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿದ್ದರೂ ತಡಮಾಡಬೇಡಿ.

ಪ್ರಶ್ನೆ: ಎಂದೂ ಸಿಡುಕದ ನಮ್ಮ ನಾಯಿ ಮರಿ ಹಾಕಿದಾಗಿನಿಂದ ನನ್ನ ಆರು ವರ್ಷದ ಮಗನನ್ನು ಕಂಡರೆ ಗುರುಗುಟ್ಟುತ್ತದೆ. ಮಗನಿಗೋ ಮರಿಗಳ ಬಳಿಯೇ ಇರಬೇಕೆಂಬ ಹಟ.
— ಓದುಗರು, ಉಡುಪಿ

ಉತ್ತರ: ಗುರುಗುಟ್ಟುವಿಕೆ ಕಚ್ಚುವ ಮೊದಲು ನಾಯಿ ಕೊಡುವ ಎಚ್ಚರಿಕೆ. ಅದಕ್ಕಾಗಿ ಗದರಿಸಿದರೆ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುವುದನ್ನು ಕಲಿಸಿದಂತಾಗುತ್ತದೆ. ಮರಿಗಳು ಕಣ್ಣು ಬಿಡುವುದು 10ರಿಂದ 14 ದಿನಗಳಲ್ಲಿ, ಕಿವಿ ಕೇಳತೊಡಗುವುದು ಮೂರನೆಯ ವಾರದ ಹೊತ್ತಿಗೆ. ಅಲ್ಲಿಯವರೆಗೆ ಮಗನಿಗೆ ಅವುಗಳಿಂದ ಆಟವೂ ಸಿಗದು. ಮೂರು ವಾರ ದಾಟಿದ ಮೇಲೆ, ತಾಯಿ ಹೊರಗೆ ಹೋಗಿರುವಾಗ, ದೊಡ್ಡವರ ಜೊತೆ ನೆಲದ ಮೇಲೆ ಕುಳಿತು ಸ್ವಲ್ಪ ಹೊತ್ತು ಮುಟ್ಟಲಿ. ಆ ವಯಸ್ಸಿನಿಂದ ಮನುಷ್ಯರ ಸಹವಾಸ ಮರಿಗಳಿಗೂ ಅಗತ್ಯ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದನ್ನು ಕಡ್ಡಾಯ ಮಾಡಿ, ಏಕೆಂದರೆ ದುಂಡುಹುಳುವಿನ ಮರಿಗಳು ಗರ್ಭದಲ್ಲಿರುವಾಗಲೇ ತಾಯಿಯಿಂದ ನಾಯಿಮರಿಗೆ ದಾಟುತ್ತವೆ, ಮರಿಗಳ ಮಲದಲ್ಲಿ ಹೊರಬಿದ್ದ ಅವುಗಳ ಮೊಟ್ಟೆಗಳಿಂದ ಮಕ್ಕಳಿಗೂ ಸೋಂಕು ತಗಲುತ್ತದೆ. ಒಂದು ವೇಳೆ ತಾಯಿ ಕಚ್ಚಿದರೆ, ಮನೆಯದೇ ನಾಯಿ, ಲಸಿಕೆಯಾಗಿದೆ ಎಂದು ಸುಮ್ಮನಿರದೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ವೈದ್ಯರ ಬಳಿ ಹೋಗಬೇಕು.

ಪ್ರಶ್ನೆ: ನಮ್ಮ ಮುಧೋಳ ನಾಯಿ ಆರು ಮರಿಗಳನ್ನು ಹಾಕಿ ಒಂದು ತಿಂಗಳಾಯಿತು. ಬಂಧುಗಳು ಈಗಲೇ ಮರಿ ಕೊಡಿ, ಸಣ್ಣದಿದ್ದಾಗಲೇ ಒಯ್ದರೆ ಚೆನ್ನಾಗಿ ಹೊಂದಿಕೊಳ್ಳುತ್ತದೆ ಎನ್ನುತ್ತಿದ್ದಾರೆ. ದುಡ್ಡು ಕೊಡುತ್ತೇವೆ ಎನ್ನುವವರೂ ಇದ್ದಾರೆ. ಯಾವಾಗ ಕೊಡಬಹುದು? ತಾಯಿಗೆ ಮತ್ತೆ ಮರಿಗಳಾಗದಂತೆ ಆಪರೇಷನ್ ಯಾವಾಗ ಮಾಡಿಸಬಹುದು?
— ರೈತರು, ಬಾಗಲಕೋಟೆ ಜಿಲ್ಲೆ

ಉತ್ತರ: ಎಂಟು ವಾರ ತುಂಬುವ ಮೊದಲು ಯಾರಿಗೂ ಕೊಡಬೇಡಿ. ನಾಲ್ಕರಿಂದ ಎಂಟನೆಯ ವಾರದ ನಡುವೆ ಮರಿಗಳು ಒಡಹುಟ್ಟುಗಳೊಂದಿಗೆ ಕಚ್ಚಾಡುತ್ತಾ, ಎಷ್ಟು ಬಲವಾಗಿ ಕಚ್ಚಿದರೆ ಎದುರಿನದಕ್ಕೆ ನೋವಾಗುತ್ತದೆಂಬುದನ್ನು ಕಲಿಯುತ್ತವೆ. ತಿಂಗಳಿಗೇ ಬೇರ್ಪಡಿಸಿದ ಮರಿಗಳು ದೊಡ್ಡವಾದ ಮೇಲೆ ಕೈ ಕಚ್ಚುವ, ಒಂಟಿಯಾಗಿದ್ದರೆ ಊಳಿಡುವ ದೂರುಗಳು ಬರುವುದು ಹೆಚ್ಚು. ಮಾರಾಟದ ವಿಷಯದಲ್ಲಿ ಇದು ಸಲಹೆ ಮಾತ್ರವಲ್ಲ, ಕಾನೂನು ಕೂಡ ಹೌದು. ನಾಯಿಗಳ ತಳಿ ಸಂವರ್ಧನೆ ಮತ್ತು ಮಾರಾಟದ ಕುರಿತು 2017ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರುವಂತಿಲ್ಲ, ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ನಿಮ್ಮ ಮುಧೋಳ 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ತಳಿ. ಕೊಳ್ಳುವವರು ಸಿಗುತ್ತಾರೆಂಬ ಕಾರಣಕ್ಕೆ ಹೊಲವೂ ಓಟವೂ ಇಲ್ಲದ ಇಕ್ಕಟ್ಟಿನ ಮನೆಗೆ ಕೊಡುವ ಮುನ್ನ ಯೋಚಿಸಿ. ತಳಿಯ ಕುರಿತ ಸಲಹೆ ಬೇಕಿದ್ದರೆ ನಿಮ್ಮ ಜಿಲ್ಲೆಯಲ್ಲೇ, ಮುಧೋಳದ ಸಮೀಪದ ತಿಮ್ಮಾಪುರದಲ್ಲಿ, ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ.

ಕೊಡುವ ಮೊದಲು ಆಗಬೇಕಾದ ಕೆಲಸಗಳಿವೆ. ಜಂತುಹುಳುವಿನ ಔಷಧಿಯನ್ನು ಎರಡನೆಯ ವಾರದಿಂದ ಆರಂಭಿಸಿ ಎಂಟನೆಯ ವಾರದವರೆಗೆ ಎರಡು ವಾರಗಳಿಗೊಮ್ಮೆ, ತೂಕಕ್ಕೆ ತಕ್ಕಂತೆ ಕೊಡಬೇಕು. ಇದುವರೆಗೆ ಕೊಟ್ಟಿರದಿದ್ದರೆ ಈ ವಾರವೇ ಆರಂಭಿಸಿ, ತಾಯಿಗೂ ಜೊತೆಯಲ್ಲಿಯೇ ಕೊಡಿ. ಪಾರ್ವೊ ಮತ್ತು ಡಿಸ್ಟೆಂಪರ್ ರೋಗಗಳ ಮೊದಲ ಲಸಿಕೆ ಆರರಿಂದ ಎಂಟು ವಾರಗಳ ನಡುವೆ ಆಗಬೇಕು. ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಲಸಿಕೆಯ ಕೆಲಸಕ್ಕೆ ಅಡ್ಡಬರಬಹುದಾದ್ದರಿಂದ, 16 ವಾರ ತುಂಬುವವರೆಗೆ ಮೂರು–ನಾಲ್ಕು ವಾರಗಳಿಗೊಮ್ಮೆ ಅದನ್ನು ಮತ್ತೆ ಹಾಕಿಸುವುದು ಅನಿವಾರ್ಯ. ಒಂದೇ ಸೂಜಿಗೆ ಮುಗಿಯಿತೆಂದು ತಿಳಿದು ಪಾರ್ವೊಗೆ ಮರಿ ಕಳೆದುಕೊಂಡವರು ಬಹಳ ಜನರಿದ್ದಾರೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಒಯ್ಯುವವರ ಕೈಗೆ ಈ ದಿನಾಂಕಗಳನ್ನು ಬರೆದ ಚೀಟಿಯನ್ನು ಕೊಡಿ. ನಾಲ್ಕನೆಯ ವಾರದಿಂದ ನೆನೆಸಿದ ಮೆತ್ತಗಿನ ಆಹಾರವನ್ನು ತಟ್ಟೆಯಲ್ಲಿ ರೂಢಿ ಮಾಡಿಸಿದ್ದರೆ ಎಂಟನೆಯ ವಾರಕ್ಕೆ ಹಾಲು ತಾನಾಗಿ ಬಿಡುತ್ತದೆ.

ತಾಯಿಯ ಶಸ್ತ್ರಚಿಕಿತ್ಸೆಯನ್ನು ಹಾಲು ಪೂರ್ತಿ ಬತ್ತಿದ ಮೇಲೆ ಮಾಡಿಸುವುದು ಒಳ್ಳೆಯದು. ಮೊಲೆಗಳು ತುಂಬಿಕೊಂಡಿರುವಾಗ ಗಾಯ ಮಾಯುವುದು ತಡವಾಗುತ್ತದೆ. ಮರಿಗಳು ಹಾಲು ಬಿಟ್ಟು ಮೂರು–ನಾಲ್ಕು ವಾರಗಳಾದ ನಂತರದ ದಿನವನ್ನು ವೈದ್ಯರೊಂದಿಗೆ ಗೊತ್ತುಮಾಡಿಕೊಳ್ಳಿ. ಮುಂದಿನ ಬೆದೆ ಸಾಮಾನ್ಯವಾಗಿ ಮರಿ ಹಾಕಿದ ನಾಲ್ಕೈದು ತಿಂಗಳಿಗೆ ಬರುತ್ತದಾದ್ದರಿಂದ ನಿಮಗೆ ಸಮಯವಿದೆ, ಆದರೆ ಸುಗ್ಗಿ ಮುಗಿಯಲಿ ಎಂದು ಮುಂದೂಡುವಷ್ಟಿಲ್ಲ. ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯೂ ಈ ಶಸ್ತ್ರಚಿಕಿತ್ಸೆಯಿಂದ ತಪ್ಪುತ್ತದೆ. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ, ವಯಸ್ಸಾದ ಹೆಣ್ಣುನಾಯಿಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಆ ಕಾಯಿಲೆಯ ಬಗ್ಗೆ ಬಂದಿರುವ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.